ಪುಕ್ಕಟೆ ಪೋಕರ್‌ನಲ್ಲಿ ಗೆದ್ದವರು ದುಡ್ಡಿನ ಆಟದಲ್ಲೂ ಗೆಲ್ಲುತ್ತಾರೆಯೇ?

ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಉಳಿದಿರುವುದು ಆಪ್‌ಗಳು ದಿನವೂ ಉಚಿತವಾಗಿ ಕೊಡುವ ಚಿಪ್‌ಗಳ ಆಟ. ಹನಕೆರೆಯ ಜಗಲಿಯಲ್ಲಿ ಹುಣಸೆ ಬೀಜ ಪಣವಿಟ್ಟು ಇಸ್ಪೀಟ್ ಆಡಿದ ಹಾಗೆ ಇದು.

ಇಲ್ಲಿ ಸತತ ಗೆದ್ದವರಿಗೆ ‘ನಾನು ಪಳಗಿದ್ದೇನೆ’ ಅನ್ನಿಸುತ್ತದೆ. ಅದು ಭ್ರಮೆ. ಕೈಗೆ ಬಂದ ಮೊದಲ ಎರಡು ಎಲೆ ಜೋಡಿಯಾಗುವುದು ಸರಾಸರಿ 17 ಸಲಕ್ಕೊಮ್ಮೆ. ಈ ಲೆಕ್ಕ ಎರಡೂ ಕಡೆ ಒಂದೇ. ಬದಲಾಗುವುದು ಎದುರಾಳಿ. ಕಳೆದುಕೊಳ್ಳಲು ಏನೂ ಇಲ್ಲದವನು ಕೆಟ್ಟ ಎಲೆಗೂ ಪಣ ಏರಿಸುತ್ತಾನೆ, ಸೋಲುತ್ತಾನೆ. ದುಡ್ಡಿಟ್ಟವನು ಎಲೆ ಕೆಳಗಿಟ್ಟು ಸುಮ್ಮನಾಗುತ್ತಾನೆ.

ಚಿಪ್ ಮುಗಿದಾಗ ‘ಖರೀದಿಸಿ’ ಎಂಬ ಗುಂಡಿ ಕಾಣಿಸುತ್ತದೆ. ಒತ್ತಿದರೆ ಆಟ ಪುಕ್ಕಟೆಯಲ್ಲ. ಕೊಂಡ ಚಿಪ್ ಮತ್ತೆ ದುಡ್ಡಾಗುವುದೂ ಇಲ್ಲ. ನಾಳೆಯ ಉಚಿತ ಚಿಪ್ ಬರುವವರೆಗೆ ಕಾಯಿರಿ.