ಸೊರಡಿಯ ಹೆಸರು ಯಾರ ಕೈಯಲ್ಲಿದೆ?

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಊರುಗಳ ಹೆಸರನ್ನು ಕನ್ನಡದಲ್ಲೇ ಪೈಥಾನ್ ಲಿಸ್ಟೊಂದರಲ್ಲಿ ತುಂಬಿಸಿ: ಸೊರಡಿ, ಉಮದಿ, ಸಂಖ. ಗಡಿಭಾಗದ ಊರುಗಳೆಲ್ಲ ಸೇರಿ ಪಟ್ಟಿ ಬೆಳೆದು, ಹೆಸರು ಹೋಲಿಸುವ ಕೆಲಸ ನಿಧಾನವಾದರೆ, ಅಷ್ಟು ಭಾಗವನ್ನು ಸಿ ಭಾಷೆಯಲ್ಲಿ ಬರೆಯುವುದುಂಟು. ಪೈಥಾನಿನೊಳಗೆ ಇರುವವರೆಗೆ ಮೆಮೊರಿಯ ಚಿಂತೆ ನಮಗಿರಲಿಲ್ಲ. ಸಿ ಕಡೆ ದಾಟಿದ ಕೂಡಲೇ ಆ ಲೆಕ್ಕ ನಮ್ಮ ಹೆಗಲಿಗೆ ಬರುತ್ತದೆ.

ಲೆಕ್ಕ ಎಂದರೆ ನಿಜವಾದ ಎಣಿಕೆಯೇ. ಪ್ರತಿ ಆಬ್ಜೆಕ್ಟಿನ ಜೊತೆ, ಅದನ್ನು ಎಷ್ಟು ಕಡೆ ಹಿಡಿದಿದ್ದಾರೆ ಎಂಬ ಸಂಖ್ಯೆ ಇರುತ್ತದೆ. 'ಪೈ ಇನ್‌ಕ್ರೆಫ್' ಅದಕ್ಕೆ ಒಂದು ಕೂಡಿಸುತ್ತದೆ, 'ಪೈ ಡೆಕ್ರೆಫ್' ಒಂದು ಕಳೆಯುತ್ತದೆ. ಸೊನ್ನೆಯಾದರೆ ಜಾಗ ಖಾಲಿ. ಕಳೆಯಲು ಮರೆತರೆ ಮೆಮೊರಿ ಸೋರುತ್ತದೆ. ಹೆಚ್ಚಿಗೆ ಕಳೆದರೆ, ಇನ್ನೊಬ್ಬರು ಹಿಡಿದಿರುವಾಗಲೇ ವಸ್ತು ಮಾಯ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಅಪಾಯ: ತಪ್ಪಾದ ಸಾಲಿನಲ್ಲಿ ಪ್ರೋಗ್ರಾಂ ಬೀಳುವುದಿಲ್ಲ, ಎಷ್ಟೋ ಹೊತ್ತಿನ ಮೇಲೆ ಬೇರೆಲ್ಲೋ ಬೀಳುತ್ತದೆ.

ಹಾಗಾಗಿ ಪ್ರತಿ ಸಾಲಿನಲ್ಲೂ ಇದು ಯಾರದ್ದು ಎಂದು ಕೇಳಿಕೊಳ್ಳಬೇಕು. 'ಪೈಯೂನಿಕೋಡ್ ಫ್ರಂಸ್ಟ್ರಿಂಗ್' ಕೊಟ್ಟದ್ದು ನಮ್ಮದು, ಮುಗಿದ ಮೇಲೆ ನಾವೇ ಬಿಡಬೇಕು. 'ಪೈಲಿಸ್ಟ್ ಗೆಟ್‌ಐಟಂ' ಕೊಡುವುದು ಎರವು. ಎರವು ತಂದ ನೇಗಿಲನ್ನು ಮಾರುವ ಹಕ್ಕು ನಮಗಿಲ್ಲ. 'ಪೈಲಿಸ್ಟ್ ಸೆಟ್‌ಐಟಂ' ನಮ್ಮ ಕೈಲಿದ್ದದ್ದನ್ನು ತನ್ನದಾಗಿಸಿಕೊಳ್ಳುತ್ತದೆ, ಕೆಲಸ ಕೆಟ್ಟರೂ ಹಿಂತಿರುಗಿಸುವುದಿಲ್ಲ. 'ಪೈಲಿಸ್ಟ್ ಅಪೆಂಡ್' ಹಾಗಲ್ಲ: ತನಗೊಂದು ಹಿಡಿತ ತೆಗೆದುಕೊಂಡು ನಮ್ಮದನ್ನು ನಮಗೇ ಬಿಡುತ್ತದೆ. ಒಂದೇ ಲಿಸ್ಟಿಗೆ ಎರಡು ರೀತಿ! ಇದನ್ನು ಬಾಯಿಪಾಠ ಮಾಡದೆ ದಾರಿಯಿಲ್ಲ.

ಎರವಿನ ಅಪಾಯ ಹೀಗೆ. ಲಿಸ್ಟಿನಿಂದ 'ಸೊರಡಿ'ಯನ್ನು ಎರವು ಪಡೆದು, ನಡುವೆ ಬೇರೊಂದು ಫಂಕ್ಷನ್ ಕರೆದಿರಿ. ಅದು ಒಳಗಿನಿಂದ ಪೈಥಾನ್ ಕೋಡನ್ನು ಓಡಿಸಿ ಲಿಸ್ಟಿನಿಂದ ಆ ಹೆಸರನ್ನೇ ಅಳಿಸಿತು. ಈಗ ನಮ್ಮ ಪಾಯಿಂಟರ್ ತೋರಿಸುವುದು ಸತ್ತ ಜಾಗವನ್ನು. ಮೊದಲೇ 'ಇನ್‌ಕ್ರೆಫ್' ಮಾಡಿ ಹಿಡಿದುಕೊಂಡಿದ್ದರೆ ಉಳಿಯುತ್ತಿತ್ತು. 2024ರ ಪೈಥಾನ್ 3.13ರಲ್ಲಿ ಬಂದ 'ಪೈಲಿಸ್ಟ್ ಗೆಟ್‌ಐಟಂರೆಫ್' ನೇರವಾಗಿ ನಮ್ಮದೇ ಹಿಡಿತ ಕೊಡುತ್ತದೆ. ಹೊಸದಾಗಿ ಬರೆಯುವವರು ಅದನ್ನೇ ಬಳಸಲಿ.

ಇಂಗ್ಲಿಷ್ ಹೆಸರಿನ ಉದಾಹರಣೆಗಳು ಮುಚ್ಚಿಡುವ ಒಂದು ಸಂಗತಿಯನ್ನು ಕನ್ನಡ ತೋರಿಸುತ್ತದೆ. 'ಸೊರಡಿ'ಯಲ್ಲಿ ಸ, ೊ, ರ, ಡ, ಿ ಎಂದು 5 ಯೂನಿಕೋಡ್ ಸಂಕೇತಗಳಿವೆ. 2012ರ ಪೈಥಾನ್ 3.3ರಿಂದೀಚೆಗೆ ಇಂಥ ಪದದಲ್ಲಿ ಪ್ರತಿ ಸಂಕೇತಕ್ಕೆ 2 ಬೈಟ್, ಒಟ್ಟು 10. ಯುಟಿಎಫ್-8ರಲ್ಲಾದರೆ ಪ್ರತಿಯೊಂದಕ್ಕೆ 3, ಒಟ್ಟು 15. ಹಾಗಾಗಿ 'ಪೈಯೂನಿಕೋಡ್ ಆ್ಯಸ್‌ಯುಟಿಎಫ್‌8' ಕರೆದಾಗ ಬೇರೆಯೇ ಒಂದು ಪ್ರತಿ ಹುಟ್ಟುತ್ತದೆ. ಹೊಸದು ಎಂದುಕೊಂಡು ಅದನ್ನು 'ಫ್ರೀ' ಮಾಡಬೇಡಿ: ಅದರ ಒಡೆತನ ಆ ಸ್ಟ್ರಿಂಗಿನದೇ, ಸ್ಟ್ರಿಂಗ್ ಹೋದರೆ ಅದೂ ಹೋಗುತ್ತದೆ. ಆಮೇಲೂ ಬೇಕಿದ್ದರೆ ಕೊನೆಯ ಸೊನ್ನೆ ಸೇರಿ 16 ಬೈಟ್‌ಗಳನ್ನು ನಕಲು ಮಾಡಿಟ್ಟುಕೊಳ್ಳಿ.

ಬರೆದದ್ದನ್ನು ಪರೀಕ್ಷಿಸಲು ಫಂಕ್ಷನನ್ನು ಸಾವಿರ ಸಲ ಓಡಿಸಿ, ಮೊದಲೂ ಆಮೇಲೂ ಅದಕ್ಕೆ ಕೊಟ್ಟ ಆಬ್ಜೆಕ್ಟಿನ 'ಗೆಟ್‌ರೆಫ್‌ಕೌಂಟ್' ನೋಡಿ. ಸಂಖ್ಯೆ ಸಾವಿರ ಏರಿದ್ದರೆ ಸೋರಿಕೆ ಖಚಿತ. 'ನನ್' ಅಥವಾ ಸಣ್ಣ ಸಂಖ್ಯೆಗಳ ಮೇಲೆ ಈ ಪರೀಕ್ಷೆ ನಡೆಯದು, 3.12ರಿಂದ ಅವುಗಳ ಎಣಿಕೆ ಬದಲಾಗುವುದಿಲ್ಲ. ಫೈಲಿನಿಂದ ಓದಿದ ಊರ ಹೆಸರನ್ನೇ ಕೊಡಿ.