ಸೆನೆಟರ್ ಆಗಿದ್ದವರು ನಗರಸಭೆಗೆ ಬಂದರು

ಎರಡು ಇಂಟರ್ನ್‌ಶಿಪ್ ಅರ್ಜಿ ತಿರಸ್ಕೃತವಾದರೆ ಸಾಕು, ‘ಈ ಬ್ರಾಂಚೇ ನನಗಲ್ಲ’ ಎಂದುಕೊಳ್ಳುವವರಲ್ಲಿ ನಾನೂ ಒಬ್ಬ. ಬ್ರೆಜಿಲ್‌ನ ಎಡ್ವಾರ್ಡೊ ಸುಪ್ಲಿಸಿ ಬಗ್ಗೆ ಓದಿದ ಮೇಲೆ ಹಾಗೆನ್ನಲು ನಾಚಿಕೆಯಾಗುತ್ತದೆ.

1941ರಲ್ಲಿ ಸಾವೊ ಪೌಲೊದಲ್ಲಿ ಹುಟ್ಟಿದ ಸುಪ್ಲಿಸಿ, ತಾಯಿಯ ಕಡೆಯಿಂದ ದೊಡ್ಡ ಉದ್ಯಮಿಗಳ ಮನೆತನದವರು. ಅಮೆರಿಕದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ. ಮುಗಿಸಿ, ಊರಿಗೆ ಮರಳಿ ಪ್ರಾಧ್ಯಾಪಕರಾದರು. ಮನೆಯ ಆಸ್ತಿ ನೋಡಿಕೊಂಡು ಹಾಯಾಗಿರಬಹುದಿತ್ತು. ಆದರೆ 1980ರಲ್ಲಿ ಕಾರ್ಮಿಕರ ಪಕ್ಷ ಕಟ್ಟಿದವರ ಜೊತೆ ನಿಂತರು. ಮೇಯರ್, ಗವರ್ನರ್ ಚುನಾವಣೆಗಳಲ್ಲಿ ಸೋತರು. 1990ರಲ್ಲಿ ಗೆದ್ದು ಆ ಪಕ್ಷದ ಮೊದಲ ಸೆನೆಟರ್ ಆದರು.

ಅವರು ಹಿಡಿದದ್ದು ಒಂದೇ ವಿಷಯ: ಪ್ರತಿಯೊಬ್ಬರಿಗೂ ಬದುಕಲು ಬೇಕಾದಷ್ಟು ಆದಾಯವನ್ನು ಹಕ್ಕಾಗಿ ಕೊಡಬೇಕು. ಮೊದಲ ಹೆಜ್ಜೆಯಾಗಿ, ಕಡಿಮೆ ಆದಾಯದವರ ಕೊರತೆಯಲ್ಲಿ ಒಂದು ಪಾಲನ್ನು ಸರ್ಕಾರ ತುಂಬಿಕೊಡುವ ಮಸೂದೆ ಮಂಡಿಸಿದರು. 1991ರಲ್ಲಿ ಸೆನೆಟ್ ಅದನ್ನು ಒಪ್ಪಿತು. ಕೆಳಮನೆಯಲ್ಲಿ ಅದು ಮೂಲೆ ಸೇರಿತು. ಸುಪ್ಲಿಸಿ ಬೇರೆ ವಿಷಯ ಹುಡುಕಲಿಲ್ಲ. ಎಲ್ಲರಿಗೂ ಮೂಲ ಆದಾಯ ನೀಡುವ, ಇನ್ನೂ ದೊಡ್ಡ ಮಸೂದೆ ತಂದರು. 2004ರ ಜನವರಿ 8ರಂದು ಅಧ್ಯಕ್ಷ ಲೂಲಾ ಅದಕ್ಕೆ ಸಹಿ ಹಾಕಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರೀ ಗೆಲುವಿನ ಕಥೆ. ಆದರೆ ಕಾನೂನಿನಲ್ಲೇ ‘ಹಂತ ಹಂತವಾಗಿ, ಅತಿ ಅಗತ್ಯವಿದ್ದವರಿಗೆ ಮೊದಲು’ ಎಂದಿತ್ತು. ಬಡ ಕುಟುಂಬಗಳಿಗೆ ನೆರವಾಗುವ ‘ಬೋಲ್ಸಾ ಫಮೀಲಿಯಾ’ ಬೆಳೆಯಿತು. ಎಲ್ಲರಿಗೂ ಆದಾಯ ಎಂಬುದು ಮಾತ್ರ ಕಾಗದದಲ್ಲೇ ಉಳಿಯಿತು. 2021ರಲ್ಲಿ ಸುಪ್ರೀಂ ಕೋರ್ಟ್, ಕಡುಬಡವರಿಂದಲಾದರೂ ಇದನ್ನು ಜಾರಿ ಮಾಡಿ ಎಂದು ಸರ್ಕಾರಕ್ಕೆ ಆದೇಶಿಸಬೇಕಾಯಿತು.

ಅಷ್ಟರಲ್ಲಿ, 24 ವರ್ಷ ಸೆನೆಟ್‌ನಲ್ಲಿದ್ದ ಸುಪ್ಲಿಸಿ 2014ರಲ್ಲಿ ಸೋತಿದ್ದರು. ಆಮೇಲೆ ಅವರು ಮಾಡಿದ್ದೇ ನನಗೆ ಹೆಚ್ಚು ಇಷ್ಟ. 2016ರಲ್ಲಿ, 75ನೇ ವಯಸ್ಸಿನಲ್ಲಿ, ಸಾವೊ ಪೌಲೊ ನಗರಸಭೆಗೆ ಸ್ಪರ್ಧಿಸಿದರು. ಮೂರು ಲಕ್ಷಕ್ಕೂ ಹೆಚ್ಚು ಮತ ಬಂದವು. 2022ರಲ್ಲಿ ರಾಜ್ಯ ಶಾಸನಸಭೆಗೆ ಎಂಟು ಲಕ್ಷಕ್ಕೂ ಹೆಚ್ಚು ಮತಗಳಿಂದ ಆಯ್ಕೆಯಾದರು. ಮರುವರ್ಷ ತಮಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಬಹಿರಂಗವಾಗಿ ಹೇಳಿದರು, ಕೆಲಸ ಬಿಡಲಿಲ್ಲ.

ದೊಡ್ಡ ಕುರ್ಚಿ ಹೋದ ಮೇಲೆ ಚಿಕ್ಕ ಕುರ್ಚಿಯಲ್ಲಿ ಕೂರಲು ಅವರಿಗೆ ಸಂಕೋಚವಾಗಲಿಲ್ಲ. ಯಾಕೆಂದರೆ ಅವರು ಹಿಡಿದಿದ್ದು ಕುರ್ಚಿಯನ್ನಲ್ಲ, ಕೆಲಸವನ್ನು. ಮೊದಲ ಕೆಲಸದ ಪ್ಯಾಕೇಜ್, ಹುದ್ದೆಯ ಹೆಸರು ಎಂದು ತಲೆಕೆಡಿಸಿಕೊಳ್ಳುವ ನಾವು ಒಮ್ಮೆ ಕೇಳಿಕೊಳ್ಳೋಣ: ಹುದ್ದೆ ಯಾವುದಾದರೂ ಸರಿ, ಬಿಡದೆ ಮಾಡುವಂಥ ಕೆಲಸ ನಮ್ಮದು ಯಾವುದು?