ಒಂದೇ ಟಿಕೆಟ್, ಊರೂರಿನ ನೆಂಟರು

ಅಕ್ಕ ಪುಣೆಯಲ್ಲಿ, ಗೆಳೆಯ ದಿಲ್ಲಿಯಲ್ಲಿ,
ಚಿಕ್ಕಪ್ಪ ಕೋಲ್ಕತ್ತಾದಲ್ಲಿ.
ಎಲ್ಲರನ್ನೂ ಒಂದೇ ರೈಲು ಟಿಕೆಟ್‌ನಲ್ಲಿ
ನೋಡ್ಕೊಂಡು ಬರಬಹುದಾ?

ಬರಬಹುದು!
ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತ ಒಂದಿದೆ.
ಮೈಸೂರಲ್ಲಿ ಹತ್ತಿದ್ರೆ,
ದೇಶ ಸುತ್ತಿ ಮೈಸೂರಿಗೇ ವಾಪಸ್.
ನಡುವೆ 8 ಕಡೆವರೆಗೆ ಇಳಿದು, ಉಳೀಬಹುದು.

ಲಾಭ ಎಲ್ಲಿದೆ ಗೊತ್ತಾ?
ರೈಲಲ್ಲಿ ದೂರ ಹೆಚ್ಚಾದಷ್ಟೂ
ಕಿಲೋಮೀಟರಿಗೆ ಬೀಳೋ ದುಡ್ಡು ಕಡಿಮೆ.
ಅಕ್ಕೀನ ಕೆಜಿ ಲೆಕ್ಕ ಬಿಟ್ಟು
ಮೂಟೆ ಲೆಕ್ಕದಲ್ಲಿ ತಂದ ಹಾಗೆ.
ತುಂಡು ತುಂಡು ಟಿಕೆಟ್‌ಗಿಂತ ಅಗ್ಗ.

ಸ್ವಲ್ಪ ಓಡಾಟ ಇದೆ, ಸುಳ್ಳು ಹೇಳಲ್ಲ.
ಹೋಗೋ ದಾರಿ ಪೂರ್ತಿ ಬರೆದು
ದೊಡ್ಡ ಸ್ಟೇಷನ್‌ನಲ್ಲಿ ಅರ್ಜಿ ಕೊಡಬೇಕು.
ಆಮೇಲೆ ಒಂದೊಂದು ರೈಲಿಗೂ
ಸೀಟು ಬುಕ್ ಮಾಡಿಸ್ಬೇಕು.

ದಸರಾ ರಜೆಗೆ ಹೊರಡೋರು
ಈಗಲೇ ಊರುಗಳ ಪಟ್ಟಿ ಮಾಡ್ಕೊಳ್ಳಿ.
ಚಿಕ್ಕಪ್ಪಂಗೂ ಒಂದು ಫೋನ್ ಹಾಕಿ!